ಹಾಡೇ ಸೂಚನೆಯಾದ ರಾತ್ರಿ

ರಾಜಕೀಯದ ಮಾತು ಭಾಷಣಕ್ಕಿಂತ ಹಾಡಿನಲ್ಲೇ ಬೇಗ ಹಬ್ಬುತ್ತಲ್ಲ, ಯಾಕೆ? ನನಗೆ ನೆನಪಾಗೋದು ಪೋರ್ಚುಗಲ್. 1926ರಿಂದ ಅಲ್ಲಿ ಸರ್ವಾಧಿಕಾರ, ಎಲ್ಲಕ್ಕೂ ಸೆನ್ಸಾರ್. 1974ರ ಏಪ್ರಿಲ್ 24ರ ರಾತ್ರಿ 10.55ಕ್ಕೆ ಲಿಸ್ಬನ್ ರೇಡಿಯೋದಲ್ಲಿ ಒಂದು ಪ್ರೇಮಗೀತೆ ಬಂತು. ಆ ವರ್ಷ ಯೂರೋವಿಷನ್ ಸ್ಪರ್ಧೆಗೆ ಹೋಗಿದ್ದ ಹಾಡು, ಯಾರಿಗೂ ಅನುಮಾನವಿಲ್ಲ. ಆದರೆ ಅದು ಬಂಡೆದ್ದ ಸೇನಾಧಿಕಾರಿಗಳಿಗೆ 'ಸಿದ್ಧರಾಗಿ' ಅನ್ನೋ ಸೂಚನೆ!

12.20ಕ್ಕೆ ಜೋಸೆ ಅಫೋನ್ಸೊ ಅವರ 'ಗ್ರಾಂಡೋಲಾ'. ಅಂದ್ರೆ, 'ಹೊರಡಿ'. ಅವರ ಎಷ್ಟೋ ಹಾಡುಗಳಿಗೆ ನಿಷೇಧವಿತ್ತು. ಒಂದು ಊರಿನ ಸೋದರಭಾವದ ಈ ಹಾಡು ಮಾತ್ರ ಉಳಿದಿತ್ತು. ಮಾರ್ಚ್ 29ರಂದು ಲಿಸ್ಬನ್ನಿನ ಸಭಾಂಗಣದಲ್ಲಿ ಜನ ಅದನ್ನ ಒಟ್ಟಾಗಿ ಹಾಡಿಯೂ ಆಗಿತ್ತು. 25ರ ಸಂಜೆಗೆ ಸರ್ಕಾರ ಬಿತ್ತು.

ಹಾಡಿಗೆ ಅರ್ಥ ತುಂಬೋರು ಹಾಡೋ ಜನ. ಅದನ್ನ ಯಾವ ಸೆನ್ಸಾರ್ ತಾನೇ ಕತ್ತರಿಸೀತು? ನೀವೇನಂತೀರಿ?