‘ಕೇಳು’ ಎಂಬ ಮಾತಿನ ಚರಿತ್ರೆ

ನನ್ನಲ್ಲಿ ಇಂಗ್ಲಿಷ್ ಕಲಿತವರಿಗೆ ಸಮಾನಾರ್ಥಕ ಪದಗಳ ಪಾಠ ನೆನಪಿರಬಹುದು. ಕರಿಹಲಗೆಯ ನಡುವೆ ‘ಆಸ್ಕ್’ ಎಂದು ಬರೆದು, ಅದರ ಸುತ್ತಲೂ ಇನ್‌ಕ್ವೈರ್, ಕ್ವೆಶ್ಚನ್, ಇಂಟರಾಗೇಟ್, ರಿಕ್ವೆಸ್ಟ್, ಬಿಸೀಚ್, ಡಿಮ್ಯಾಂಡ್ ಎಂದು ಬರೆಯುತ್ತಿದ್ದೆ. “ಎಲ್ಲಕ್ಕೂ ಕೇಳು ಎಂದೇ ಅರ್ಥ, ಬರೆದುಕೊಳ್ಳಿ” ಎಂದು ಹೇಳಿ ಮುಂದಿನ ಪದಕ್ಕೆ ಹೋಗುತ್ತಿದ್ದೆ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು.

ಆ ಅವಸರದ ಫಲವನ್ನು ಉಂಡವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಒಂದು ಬೆಳಿಗ್ಗೆ ಅವನು ತಂದುಕೊಟ್ಟ ರಜಾ ಅರ್ಜಿಯಲ್ಲಿ ‘ಐ ಡಿಮ್ಯಾಂಡ್ ಟೂ ಡೇಸ್ ಲೀವ್’ ಎಂದಿತ್ತು. ನಾನು ಅದನ್ನು ಇಡೀ ತರಗತಿಗೆ ಕೇಳುವಂತೆ ಓದಿದೆ. “ದೊರೆಗಳ ಅಪ್ಪಣೆಯಾಗಿದೆ, ಮೀರುವುದು ಹೇಗೆ?” ಎಂದೆ. ಮಕ್ಕಳೆಲ್ಲ ನಕ್ಕರು. ಅವನೂ ನಗಲು ಯತ್ನಿಸಿದ. ಅರ್ಜಿಯ ಕೆಳಗಿನ ಸಾಲುಗಳನ್ನು ನಾನು ಓದಿದ್ದು ಆಮೇಲೆ. ಅವನ ತಂದೆಯನ್ನು ಹಿಂದಿನ ರಾತ್ರಿ ಆಸ್ಪತ್ರೆಗೆ ಸೇರಿಸಿದ್ದರು.

ನಿವೃತ್ತಿಯ ನಂತರ ಪದಗಳ ಚರಿತ್ರೆಯನ್ನು ಓದುವ ಹವ್ಯಾಸ ಬೆಳೆಯಿತು. ಓದಿದಷ್ಟೂ ಆ ಬೆಳಗಿನ ನನ್ನ ನಗೆ ನನಗೇ ಇರಿಯತೊಡಗಿತು. ಏಕೆಂಬುದನ್ನು ಹೇಳಬೇಕಾದರೆ ಸುಮಾರು ಸಾವಿರ ವರ್ಷ ಹಿಂದಕ್ಕೆ ಹೋಗಬೇಕು.

‘ಆಸ್ಕ್’ ಇಂಗ್ಲಿಷಿನ ಅಚ್ಚ ದೇಶ್ಯ ಪದ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಆಸ್ಕಿಯನ್’, ‘ಆಕ್ಸಿಯನ್’ ಎಂಬ ಎರಡು ರೂಪಗಳಿದ್ದವು. ಉಳುವವನು, ಕಮ್ಮಾರ, ಮನೆಯೊಡತಿ ಎಲ್ಲರ ಬಾಯಲ್ಲೂ ಇದ್ದ ಮಾತು ಅದು. 1066ರಲ್ಲಿ ನಾರ್ಮಂಡಿಯ ವಿಲಿಯಂ ಹೇಸ್ಟಿಂಗ್ಸ್ ಯುದ್ಧವನ್ನು ಗೆದ್ದು ಇಂಗ್ಲೆಂಡಿನ ಅರಸನಾದ. ಅಲ್ಲಿಂದ ಮುಂದೆ ಆ ನಾಡಿನಲ್ಲಿ ಅರಮನೆಯವರ ಮಾತು ಫ್ರೆಂಚ್, ಪಾದ್ರಿಗಳ ಹಾಗೂ ದಾಖಲೆಗಳ ಭಾಷೆ ಲ್ಯಾಟಿನ್, ಹೊಲಗದ್ದೆಗಳ ಮಾತು ಇಂಗ್ಲಿಷ್ ಎಂಬ ವ್ಯವಸ್ಥೆ ಬೇರೂರಿತು.

ಗೆದ್ದವರು ಕೇಳುವುದು ಹೇಗಿರುತ್ತದೆ ಎಂಬುದಕ್ಕೆ ಒಂದು ದಾಖಲೆಯುಂಟು. 1086ರಲ್ಲಿ ವಿಲಿಯಂ ತನ್ನ ರಾಜ್ಯದ ಭೂಮಿಯನ್ನೆಲ್ಲ ಲೆಕ್ಕ ಹಾಕಿಸಿದ. ಅದೇ ‘ಡೂಮ್ಸ್‌ಡೇ ಬುಕ್’. ಅಧಿಕಾರಿಗಳು ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಈಲಿ ಮಠದ ಆಸ್ತಿಗೆ ಸಂಬಂಧಿಸಿದ ದಾಖಲೆಯೊಂದರಲ್ಲಿ ಉಳಿದುಬಂದಿದೆ. ಈ ಜಮೀನಿನ ಹೆಸರೇನು? ಎಡ್ವರ್ಡ್ ದೊರೆಯ ಕಾಲದಲ್ಲಿ ಯಾರದಾಗಿತ್ತು? ಈಗ ಯಾರದು? ನೇಗಿಲುಗಳೆಷ್ಟು, ಗಿರಣಿಗಳೆಷ್ಟು, ಕಾಡೆಷ್ಟು, ಹುಲ್ಲುಗಾವಲೆಷ್ಟು? ಪ್ರತಿ ಊರಿನ ಪಾದ್ರಿ, ಊರ ಮುಖಂಡ ಮತ್ತು ಆರು ಮಂದಿ ರೈತರು ಪ್ರಮಾಣ ಮಾಡಿ ಉತ್ತರಿಸಬೇಕಾಗಿತ್ತು. ಅವರ ಉತ್ತರ ಬರಹಕ್ಕಿಳಿದದ್ದು ಅವರು ಓದಲಾರದ ಲ್ಯಾಟಿನ್‌ನಲ್ಲಿ. ಎತ್ತು, ಹಸು, ಹಂದಿಗಳನ್ನೂ ಬಿಡದೆ ಲೆಕ್ಕಕ್ಕೆ ಹಿಡಿದರೆಂದು ಆ ಕಾಲದ ಇಂಗ್ಲಿಷ್ ವೃತ್ತಾಂತಕಾರ ನೊಂದು ಬರೆದಿದ್ದಾನೆ.

ಇಂಥ ಸಮಾಜದಲ್ಲಿ ‘ಕೇಳು’ ಎಂಬ ಒಂದು ಕ್ರಿಯೆಗೆ ಒಂದೇ ಪದ ಸಾಲಲಿಲ್ಲ. ಫ್ರೆಂಚಿನ ಮೂಲಕ ‘ಇನ್‌ಕ್ವೈರ್’, ‘ಕ್ವೆಶ್ಚನ್’ ಬಂದವು. 15ನೆಯ ಶತಮಾನದ ಉತ್ತರಾರ್ಧದ ಹೊತ್ತಿಗೆ ಲ್ಯಾಟಿನ್ ಮೂಲದ ‘ಇಂಟರಾಗೇಟ್’ ಕೂಡ ಬಳಕೆಗೆ ಬಂದಿತ್ತು. ಕಾಲಕ್ರಮದಲ್ಲಿ ಇವು ಒಂದೊಂದು ಪೀಠ ಹಿಡಿದು ಕುಳಿತವು. ದಾರಿಹೋಕನನ್ನು ಊರಿನ ಹಾದಿ ಕೇಳಿದರೆ ಅದು ‘ಆಸ್ಕ್’. ಅವನ ಮಾತಿನಲ್ಲಿ ಸಂಶಯ ಹುಟ್ಟಿ ಕೆದಕಿದರೆ ‘ಕ್ವೆಶ್ಚನ್’. ಠಾಣೆಯಲ್ಲಿ ಕೂರಿಸಿ ಕೇಳಿದರೆ ‘ಇಂಟರಾಗೇಟ್’. ಕೆಳಗಿನಿಂದ ಮೇಲಕ್ಕೆ ಕೇಳುವವರಿಗೂ ಪದಗಳಿದ್ದವು. ‘ರಿಕ್ವೆಸ್ಟ್’ ಫ್ರೆಂಚಿನಿಂದ ಬಂದ ಮರ್ಯಾದೆಯ ಮಾತು. ‘ಬಿಸೀಚ್’ ದೇಶ್ಯ ಪದ. ‘ಸೀಕ್’, ಅಂದರೆ ಅರಸು, ಎಂಬ ಧಾತುವೇ ಅದರಲ್ಲಿ ಅಂಗಲಾಚುವ ರೂಪ ತಾಳಿದೆ.

ಕನ್ನಡಿಗರಾದ ನಮಗೆ ಇದು ಅಪರಿಚಿತವೇನಲ್ಲ. ನಮ್ಮಲ್ಲಿಯೂ ‘ಕೇಳು’ ಮನೆಯ ಮಾತು, ‘ಪ್ರಶ್ನಿಸು’ ಸಂಸ್ಕೃತದಿಂದ ಬಂದದ್ದು, ‘ತನಿಖೆ’, ‘ಅರ್ಜಿ’ ಮೊದಲಾದವು ಪಾರಸಿ ಆಡಳಿತದ ಜೊತೆಗೆ ಬಂದ ಅರಬ್ಬೀ ಮೂಲದ ಮಾತುಗಳು. ‘ಸವಾಲು’ ಎಂಬ ಪದವನ್ನೇ ನೋಡಿ. ಮೂಲದಲ್ಲಿ ಅದಕ್ಕೆ ಪ್ರಶ್ನೆ ಎಂದಷ್ಟೇ ಅರ್ಥ. ನ್ಯಾಯಾಲಯದ ‘ಪಾಟೀಸವಾಲಿ’ನಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಆದರೆ ಬೀದಿಯಲ್ಲಿ ಒಬ್ಬನು ಇನ್ನೊಬ್ಬನಿಗೆ ಸವಾಲು ಹಾಕಿದನೆಂದರೆ ತೊಡೆ ತಟ್ಟಿ ನಿಂತನೆಂದೇ ನಾವು ತಿಳಿಯುತ್ತೇವೆ. ಸಾದಾ ಪ್ರಶ್ನೆಯೊಂದು ನಮ್ಮಲ್ಲಿಗೆ ಬಂದು ಪಂಥಾಹ್ವಾನವಾಯಿತು.

‘ಡಿಮ್ಯಾಂಡ್’ ಎಂಬ ಪದಕ್ಕೂ ಹೀಗೆಯೇ ಆಯಿತು. ಫ್ರೆಂಚಿನಲ್ಲಿ ‘ದಮಾಂದೇ’ ಎಂದರೆ ಇಂದಿಗೂ ಕೇಳುವುದು ಎಂದೇ ಅರ್ಥ. ಹಾದಿ ಕೇಳಲು, ಗಂಟೆ ಎಷ್ಟಾಯಿತೆಂದು ಕೇಳಲು, ಕ್ಷಮೆ ಕೇಳಲು ಅಲ್ಲಿ ಅದೇ ಪದ. ಇಂಗ್ಲಿಷಿನಲ್ಲಿಯೂ ಈ ಸೌಮ್ಯ ಅರ್ಥ ಬಹುಕಾಲ ಇತ್ತು. 1611ರ ಬೈಬಲ್ ಅನುವಾದದಲ್ಲಿ ಸೈನಿಕರು ಯೋಹಾನನ ಬಳಿಗೆ ಬಂದು ತಾವು ಏನು ಮಾಡಬೇಕೆಂದು ಕೇಳುವ ಪ್ರಸಂಗವಿದೆ. ಅಲ್ಲಿ ಬಳಸಿರುವುದು ‘ಡಿಮ್ಯಾಂಡ್’. ಅದರಲ್ಲಿ ಗದರಿಕೆಯಿಲ್ಲ.

ಹಾಗಾದರೆ ಗಡಸುತನ ಬಂದದ್ದೆಲ್ಲಿಂದ? ನ್ಯಾಯಾಲಯದಿಂದ. ಇಂಗ್ಲೆಂಡಿನ ನ್ಯಾಯಸ್ಥಾನಗಳಲ್ಲಿ ಶತಮಾನಗಳ ಕಾಲ ಬಳಕೆಯಲ್ಲಿದ್ದ ಫ್ರೆಂಚಿನಲ್ಲಿ ‘ಡಿಮ್ಯಾಂಡ್’ ಎಂದರೆ ಹಕ್ಕಿನಿಂದ ಕೇಳುವುದು. ಭೂಮಿ ತನ್ನದೆಂದು ದಾವೆ ಹೂಡಿದವನಿಗೆ ‘ಡಿಮ್ಯಾಂಡೆಂಟ್’ ಎಂಬ ಹೆಸರೇ ಇತ್ತು. 1362ರ ಶಾಸನವೊಂದು ವಾದವೆಲ್ಲ ಇಂಗ್ಲಿಷಿನಲ್ಲಿ ನಡೆಯಲಿ, ಜನರಿಗೆ ಫ್ರೆಂಚ್ ಅರ್ಥವಾಗುವುದಿಲ್ಲ ಎಂದು ವಿಧಿಸಿತು. ಆ ಶಾಸನವನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲಿಯೇ! ನ್ಯಾಯಾಲಯಗಳ ದಾಖಲೆಗಳೂ ಇಂಗ್ಲಿಷಿನಲ್ಲಿರಬೇಕೆಂಬ ಕಾನೂನು ಜಾರಿಗೆ ಬಂದದ್ದು 1733ರಲ್ಲಿ. ಅಷ್ಟು ಕಾಲ ಕಟಕಟೆಯಲ್ಲಿ ನಿಂತ ಪದಕ್ಕೆ ಕಟಕಟೆಯ ದನಿ ಅಂಟಿಕೊಂಡದ್ದು ಸಹಜ.

ದೇಶ್ಯ ಪದವಾದ ‘ಆಸ್ಕ್’ ಕೂಡ ಇಂಥ ಪಕ್ಷಪಾತದಿಂದ ತಪ್ಪಿಸಿಕೊಳ್ಳಲಿಲ್ಲ. ಅದನ್ನು ‘ಆಕ್ಸ್’ ಎಂದು ಉಚ್ಚರಿಸಿದ ಮಕ್ಕಳನ್ನು ನಾನು ಎಷ್ಟು ಸಲ ತಿದ್ದಿದ್ದೇನೋ! ಆದರೆ ‘ಆಕ್ಸ್’ ಹಳೆಯ ಇಂಗ್ಲಿಷಿನಷ್ಟೇ ಹಳೆಯ ರೂಪ. 14ನೆಯ ಶತಮಾನದ ಮಹಾಕವಿ ಛಾಸರ್ ಅದನ್ನು ಬಳಸಿದ್ದಾನೆ. 1535ರ ಕವರ್‌ಡೇಲ್ ಬೈಬಲಿನಲ್ಲಿಯೂ ಅದಿದೆ. ಮುಂದೆ ಶಿಷ್ಟರ ಬರಹ ‘ಆಸ್ಕ್’ ಅನ್ನು ಆರಿಸಿಕೊಂಡಿತು. ‘ಆಕ್ಸ್’ ಹಳ್ಳಿಗಳಲ್ಲಿ, ಕೆರಿಬಿಯನ್ ದ್ವೀಪಗಳಲ್ಲಿ, ಅಮೆರಿಕದ ಕಪ್ಪು ಜನರ ಮಾತಿನಲ್ಲಿ ಉಳಿಯಿತು. ಉಳಿಸಿಕೊಂಡವರು ಸಿರಿವಂತರಲ್ಲವಾದ್ದರಿಂದ ಅದು ತಪ್ಪು ಎನಿಸಿಕೊಂಡಿತು. ಇಂದಿನ ಇಂಗ್ಲಿಷ್ ಪರೀಕ್ಷೆಯಲ್ಲಿ ‘ಆಸ್ಕ್’ ಎಂದೇ ಬರೆಯಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಇನ್ನೊಂದು ರೂಪವನ್ನು ಕಂಡು ನಗಬೇಕಾಗಿಲ್ಲ ಎಂಬುದಷ್ಟೇ ನಾನು ತಡವಾಗಿ ಕಲಿತದ್ದು.

ಈಗ ಆ ಹುಡುಗನ ಅರ್ಜಿಗೆ ಮರಳುತ್ತೇನೆ. ಅವನು ಮಾಡಿದ ತಪ್ಪೇನು? ಎಲ್ಲಕ್ಕೂ ಅರ್ಥ ಒಂದೇ ಎಂದು ನಾನು ಹೇಳಿದ್ದನ್ನು ನಂಬಿದ್ದು. ಆ ಪಟ್ಟಿಯಿಂದ ಒಂದು ಪದವನ್ನು ಆರಿಸಿ, ಅಂಥ ಸಂಕಟದ ರಾತ್ರಿಯಲ್ಲಿಯೂ ಕನ್ನಡದಲ್ಲಿ ಬರೆಯದೆ ನನ್ನನ್ನು ಮೆಚ್ಚಿಸಲೆಂದು ಇಂಗ್ಲಿಷಿನಲ್ಲಿ ಅರ್ಜಿ ಬರೆದಿದ್ದ. ಪದದ ತೂಕವನ್ನು ಹೇಳಿಕೊಡಬೇಕಾದವನು ನಾನು. ಹೇಳಿಕೊಡದೆ, ತೂಕ ತಪ್ಪಿತೆಂದು ನಕ್ಕವನೂ ನಾನೇ. ಅವನು ರಜೆ ಮುಗಿಸಿ ಬಂದ ಮೇಲೆ ಆ ವರ್ಷವಿಡೀ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದಕ್ಕೆ ಮೊದಲು ಕೇಳುತ್ತಿದ್ದ.

ನಮ್ಮ ಕನ್ನಡದ ‘ಕೇಳು’ ಪದಕ್ಕೆ ಇಂಗ್ಲಿಷಿನ ‘ಆಸ್ಕ್’ಗೆ ಇಲ್ಲದ ಒಂದು ಗುಣವಿದೆ. ಪ್ರಶ್ನೆ ಹಾಕುವುದಕ್ಕೂ ‘ಕೇಳು’, ಕಿವಿಗೊಡುವುದಕ್ಕೂ ‘ಕೇಳು’. 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕಿಟೆಲ್ ಅವರ ನಿಘಂಟಿನಲ್ಲಿ ಎರಡೂ ಅರ್ಥಗಳಿವೆ. “ಏಕಪ್ಪಾ ರಜೆ?” ಎಂದು ಅಂದು ನಾನು ಅವನನ್ನು ಕೇಳಬಹುದಾಗಿತ್ತು, ಅವನು ಹೇಳುವುದನ್ನು ಕೇಳಬಹುದಾಗಿತ್ತು. ಎರಡನ್ನೂ ಮಾಡಲಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಈಗ ಮೇಷ್ಟರಾದವರು, ಮೇಡಂ ಆದವರು ಹಲವರಿದ್ದೀರಿ. ಸಮಾನಾರ್ಥಕಗಳ ಪಾಠ ಬಂದಾಗ ಒಂದೊಂದು ಪದದ ಮುಂದೆ ಯಾರು, ಯಾರನ್ನು, ಎಲ್ಲಿ ನಿಂತು ಕೇಳುತ್ತಾರೆ ಎಂದು ಒಂದು ವಾಕ್ಯ ಬರೆಸಿರಿ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ. ಇನ್ನು ಆ ಹುಡುಗ. ಅವನಿಗೀಗ ಐವತ್ತು ದಾಟಿರಬೇಕು. ಅವನೆಲ್ಲಾದರೂ ಇದನ್ನು ಓದಿದರೆ, ಅವನಲ್ಲಿ ಕ್ಷಮೆ ಕೇಳುತ್ತೇನೆ. ಇಲ್ಲಿ ನನಗೆ ‘ಬಿಸೀಚ್’ ಎಂಬುದೇ ತಕ್ಕ ಪದ.