ರೋಹಿಣಿಯ ನೀರು, ಚವದಾರ್ ಕೆರೆಯ ನೀರು

ಹೊಸ ಧರ್ಮ ಕಟ್ಟುವವರ ಮನಸ್ಸಿನಲ್ಲಿ ಏನಿರುತ್ತದೆ? ಭಕ್ತರನ್ನು ಕೇಳಿದರೆ ದೈವಪ್ರೇರಣೆ ಅನ್ನುತ್ತಾರೆ, ಒಪ್ಪದವರನ್ನು ಕೇಳಿದರೆ ಅಧಿಕಾರದ ಆಸೆ ಅನ್ನುತ್ತಾರೆ. ಡಾ. ಅಂಬೇಡ್ಕರರ ವಿಷಯಕ್ಕೆ ಬಂದಾಗ ಈ ಎರಡು ಉತ್ತರಗಳೂ ಸಾಲವು ಎಂದೇ ನನಗನ್ನಿಸುತ್ತದೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಲಕ್ಷಾಂತರ ಜನರೊಡನೆ ಬೌದ್ಧರಾದರು. ಭಿಕ್ಷು ಚಂದ್ರಮಣಿಯವರಿಂದ ತಾವು ದೀಕ್ಷೆ ಪಡೆದರು. ಆಮೇಲೆ ನೆರೆದವರಿಗೆ 22 ಪ್ರತಿಜ್ಞೆಗಳನ್ನು ತಾವೇ ಬೋಧಿಸಿದರು. ಆ ಪ್ರತಿಜ್ಞೆಗಳ ಪಟ್ಟಿ ಅವರದೇ ರಚನೆ. ಹಳೆಯ ಧರ್ಮಕ್ಕೆ ಸೇರಿದರು ಎನ್ನುವುದಕ್ಕಿಂತ ಅದನ್ನು ಹೊಸದಾಗಿ ಕಟ್ಟಿದರು ಎನ್ನುವುದೇ ಸರಿ. ‘ನವಯಾನ’ ಎಂಬ ಹೆಸರು ಬಂದದ್ದೂ ಅದಕ್ಕೇ.

ಅದೇ ವರ್ಷ ಡಿಸೆಂಬರ್ 6ರಂದು ಅವರು ತೀರಿಕೊಂಡರು. ‘ಬುದ್ಧ ಮತ್ತು ಆತನ ಧಮ್ಮ’ ಅಚ್ಚಾದದ್ದು 1957ರಲ್ಲಿ. ಅದರ ಪೀಠಿಕೆ ಎತ್ತುವ ಮೊದಲ ಪ್ರಶ್ನೆಯೇ ಕುತೂಹಲದ್ದು: ಸಿದ್ಧಾರ್ಥ ಮನೆ ಬಿಟ್ಟದ್ದೇಕೆ? ಮುದುಕ, ರೋಗಿ, ಹೆಣ ಕಂಡು ಎಂಬುದು ನಾವೆಲ್ಲ ಕೇಳಿ ಬೆಳೆದ ಕಥೆ. ಅಂಬೇಡ್ಕರರು ಅದನ್ನು ಒಪ್ಪುವುದಿಲ್ಲ. ನಿತ್ಯ ಕಣ್ಣಿಗೆ ಬೀಳುವ ಇವೆಲ್ಲ ಒಬ್ಬ ಮನುಷ್ಯನಿಗೆ 29 ವರ್ಷದವರೆಗೆ ಕಾಣದೆ ಇರಲು ಸಾಧ್ಯವೇ ಎಂಬುದು ಅವರ ವಾದ.

ಅದರ ಬದಲು ಅವರು ಹೇಳುವುದು ನೀರಿನ ಕಥೆ. ಶಾಕ್ಯರಿಗೂ ಕೋಲಿಯರಿಗೂ ನಡುವೆ ರೋಹಿಣಿ ನದಿ, ಅದರ ನೀರಿಗಾಗಿ ಜಗಳ. ಚೆನ್ನೈ, ಹೈದರಾಬಾದುಗಳಲ್ಲಿರುವ ನಮ್ಮವರಿಗೆ ಇಂಥ ಜಗಳದ ಕಾವು ಬಿಡಿಸಿ ಹೇಳಬೇಕಾಗಿಲ್ಲ. ಶಾಕ್ಯ ಸಂಘ ಯುದ್ಧಕ್ಕೆ ಬಹುಮತದಿಂದ ಒಪ್ಪುತ್ತದೆ, ಸಿದ್ಧಾರ್ಥ ವಿರೋಧಿಸುತ್ತಾನೆ. ಮರಣದಂಡನೆ ಇಲ್ಲವೇ ಗಡೀಪಾರು, ಮನೆಯವರಿಗೆ ಬಹಿಷ್ಕಾರ, ಆಸ್ತಿ ಜಪ್ತಿ ಎಂಬ ಬೆದರಿಕೆ ಎದುರಾಗುತ್ತದೆ. ಮನೆಯವರಿಗೆ ತೊಂದರೆಯಾಗದಿರಲಿ ಎಂದು ತಾನೇ ಪರಿವ್ರಾಜಕನಾಗಿ ಹೊರಡುತ್ತಾನೆ.

ಇದು ಪೂರ್ತಿ ಕಲ್ಪನೆಯಲ್ಲ. ರೋಹಿಣಿಯ ಜಗಳ ಪಾಳಿ ಪರಂಪರೆಯಲ್ಲಿದೆ. ಅಲ್ಲಿ ಅದು ಬುದ್ಧನಾದ ಮೇಲೆ ಅವನೇ ಬಿಡಿಸಿದ ಜಗಳ. ಮನೆ ಬಿಡಲು ಅದೇ ಕಾರಣವಿರಬೇಕೆಂಬ ವಿಚಾರವನ್ನು ಮರಾಠಿಯಲ್ಲಿ ಧರ್ಮಾನಂದ ಕೋಸಂಬಿಯವರು ಮೊದಲೇ ಮಂಡಿಸಿದ್ದರು. ಆದರೆ ಅಂಬೇಡ್ಕರರು ಅದನ್ನೇ ಆರಿಸಿಕೊಂಡದ್ದು ಆಕಸ್ಮಿಕ ಎಂದು ನನಗನ್ನಿಸುವುದಿಲ್ಲ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗಿಳಿದು ಬೊಗಸೆ ನೀರು ಕುಡಿದವರು ಅವರು. ಆಮೇಲೆ ಸವರ್ಣರು ಪಂಚಗವ್ಯ ಸುರಿದು ಆ ಕೆರೆಯನ್ನು ‘ಶುದ್ಧ’ ಮಾಡಿದರು. ಬಹಿಷ್ಕಾರವೆಂದರೇನು ಎಂದು ಅವರು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ಹಾಗಾದರೆ ಉದ್ದೇಶ ಬರೀ ಸಾಮಾಜಿಕ, ರಾಜಕೀಯ ಎನ್ನೋಣವೇ? ಲೌಕಿಕ ಕಾರಣಗಳನ್ನು ಅವರು ಮುಚ್ಚಿಡಲಿಲ್ಲ. ಹಿಂದೂವಾಗಿ ಸಾಯುವುದಿಲ್ಲವೆಂದು 1935ರಲ್ಲಿ ಯೇವಲಾದಲ್ಲಿ ಸಾರಿದರು. ಮರುವರ್ಷ ಮುಂಬೈಯಲ್ಲಿ ಮಾಡಿದ ‘ಮುಕ್ತಿ ಕೋನ್ ಪಥೇ’ ಭಾಷಣದಲ್ಲಿ ಜನಬಲ, ಧನಬಲ, ಮನೋಬಲ ಬೇಕು ಎಂದು ಬಿಚ್ಚಿಯೇ ಹೇಳಿದರು. ಆದರೆ ಲಾಭವಷ್ಟೇ ಗುರಿಯಾಗಿದ್ದರೆ 21 ವರ್ಷ ಕಾಯುವುದೇಕೆ? ಮೇಲಾಗಿ ಬೌದ್ಧರಾದವರು ಕೇಂದ್ರದ ಪರಿಶಿಷ್ಟ ಜಾತಿ ಪಟ್ಟಿಯಿಂದ ಹೊರಗುಳಿದರು. ಆ ಬಾಗಿಲು ಅವರಿಗೆ ತೆರೆದದ್ದು 1990ರಲ್ಲಿ.

ಪುಸ್ತಕದ ಕಥೆಗೆ ಇನ್ನೊಂದು ತಿರುವಿದೆ. ಶಾಕ್ಯರಿಗೂ ಕೋಲಿಯರಿಗೂ ರಾಜಿಯಾಯಿತೆಂಬ ಸುದ್ದಿ ಸಿದ್ಧಾರ್ಥನಿಗೆ ಮುಟ್ಟುತ್ತದೆ. ಹೊರಟ ಕಾರಣವೇ ತೀರಿತು, ಮನೆಗೆ ಮರಳಬಹುದು. ಅವನು ಮರಳುವುದಿಲ್ಲ. ರಾಜ್ಯ ರಾಜ್ಯಗಳ ಯುದ್ಧ ಆಗೊಮ್ಮೆ ಈಗೊಮ್ಮೆ ಬರುತ್ತದೆ, ವರ್ಗ ವರ್ಗಗಳ ಸಂಘರ್ಷ ದಿನವೂ ಇರುತ್ತದೆ, ದುಃಖದ ಬೇರು ಅಲ್ಲಿದೆ ಎಂದು ಅವನಿಗೆ ಹೊಳೆಯುತ್ತದೆ.

ಅಂಬೇಡ್ಕರರ ಬದುಕಿನಲ್ಲೂ ನಡೆದದ್ದು ಇದೇ. 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಚವದಾರ್ ಕೆರೆಯ ಮೊಕದ್ದಮೆ ಗೆದ್ದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. ಕಾನೂನಿನ ಮಟ್ಟಿಗೆ ರಾಜಿಯಾಗಿತ್ತು. ಅವರೂ ಮರಳಲಿಲ್ಲ. ಕೆರೆಯ ನೀರನ್ನು ಕಾನೂನು ಕೊಡಿಸಬಹುದು, ನೀರು ಕೊಡುವವನ ಮನಸ್ಸನ್ನು ಬದಲಿಸಲಾರದು ಎಂದು ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಧಮ್ಮದ ಕೆಲಸ ಅಲ್ಲಿಂದ ಶುರುವಾಗುತ್ತದೆ ಎಂದು ಅವರು ನಂಬಿದ್ದರು ಎನ್ನುವುದು ನನ್ನ ಓದು.