ಮಿನಿಯೇಚರ್ ಸೈನಿಕರಿಗೆ ಬಣ್ಣ ಹಚ್ಚುವುದು ಹೇಗೆ? ಕೊನೆಯ ಹಂತದಲ್ಲಿ ಕೆಲಸ ಕೆಡುವುದೇಕೆ?

ಎತ್ತರ ಸುಮಾರು 28 ಮಿಲಿಮೀಟರ್, ಅಂದರೆ ಹೆಬ್ಬೆರಳಿನ ಅರ್ಧದಷ್ಟು. ಕೈಯಲ್ಲಿ ಬಂದೂಕು, ತಲೆಗೆ ಪೇಟ, ಸೊಂಟಕ್ಕೆ ಪಟ್ಟಿ. ಇಂಥ ಹತ್ತಾರು ಸೈನಿಕರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ, ಟೇಪಿನಲ್ಲಿ ದೂರ ಅಳೆದು ಆಡುವ ಆಟವೇ ಟೇಬಲ್‌ಟಾಪ್ ವಾರ್‌ಗೇಮ್. ಈ ಸೈನಿಕರು ಸಾಮಾನ್ಯವಾಗಿ ಬಣ್ಣವಿಲ್ಲದೆಯೇ ಮಾರಾಟವಾಗುತ್ತಾರೆ. ಬಣ್ಣ ಹಚ್ಚುವುದು ಆಟಗಾರನ ಕೆಲಸ. ವಾರಗಟ್ಟಲೆ ಕುಳಿತು ಮಾಡಿದ ಈ ಕೆಲಸ ಕೊನೆಯ ಐದು ನಿಮಿಷದಲ್ಲಿ ಹಾಳಾಗುವುದೂ ಉಂಟು. ಮುಂಬೈ, ಚೆನ್ನೈನಂಥ ಸಮುದ್ರ ತೀರದ ನಗರಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಕಾರಣವೇನು, ತಪ್ಪಿಸುವುದು ಹೇಗೆ? ಇಲ್ಲಿದೆ ಮಾಹಿತಿ.

ಆಟ ಶುರುವಾಗಿದ್ದು ಎಲ್ಲಿ?

19ನೇ ಶತಮಾನದಲ್ಲಿ ಪ್ರಷ್ಯಾದ ಸೇನಾಧಿಕಾರಿಗಳು ತರಬೇತಿಗಾಗಿ ನಕ್ಷೆಯ ಮೇಲೆ ಯುದ್ಧದ ಆಟ ಆಡುತ್ತಿದ್ದರು. 1893ರಲ್ಲಿ ಬ್ರಿಟನ್ನಿನ ವಿಲಿಯಂ ಬ್ರಿಟನ್ ಕಂಪನಿ ಒಳಗೆ ಟೊಳ್ಳಿರುವ ಸೀಸದ ಸೈನಿಕರನ್ನು ತಯಾರಿಸಲು ಆರಂಭಿಸಿತು. ಬೊಂಬೆಗಳ ಬೆಲೆ ಇಳಿಯಿತು. 1913ರಲ್ಲಿ ಲೇಖಕ ಎಚ್.ಜಿ. ವೆಲ್ಸ್ 'ಲಿಟಲ್ ವಾರ್ಸ್' ಎಂಬ ಪುಸ್ತಕದಲ್ಲಿ ಇಂಥ ಬೊಂಬೆಗಳೊಂದಿಗೆ ಮನೆಯಲ್ಲೇ ಆಡುವ ನಿಯಮಗಳನ್ನು ಬರೆದರು. 1983ರಲ್ಲಿ ಗೇಮ್ಸ್ ವರ್ಕ್‌ಶಾಪ್ ಕಂಪನಿಯ 'ವಾರ್‌ಹ್ಯಾಮರ್' ಬಂದ ಮೇಲೆ ಕಾಲ್ಪನಿಕ ಲೋಕದ ಸೈನ್ಯಗಳೂ ಜನಪ್ರಿಯವಾದವು.

ಇತಿಹಾಸದ ಯುದ್ಧಗಳನ್ನೇ ಆಡುವವರೂ ಇದ್ದಾರೆ. ಆಂಗ್ಲೋ-ಮೈಸೂರು ಯುದ್ಧವನ್ನು ಆರಿಸಿಕೊಂಡವರ ಮುಂದೆ ಒಂದು ಕಠಿಣ ಸವಾಲಿದೆ. ಟಿಪ್ಪು ಸುಲ್ತಾನನ ಸೈನಿಕರ ಸಮವಸ್ತ್ರದಲ್ಲಿ 'ಬಬ್ರಿ' ಎನ್ನುವ ಹುಲಿಪಟ್ಟೆ ವಿನ್ಯಾಸವಿತ್ತು. ಬೆರಳ ಉಗುರಿಗಿಂತ ಚಿಕ್ಕದಾದ ಅಂಗಿಯ ಮೇಲೆ ಆ ಪಟ್ಟೆ ಮೂಡಿಸಬೇಕು!

ಬಣ್ಣಕ್ಕೆ ಮೊದಲು

ಬೊಂಬೆ ಅಚ್ಚಿನಿಂದ ಬಿಟ್ಟುಬರಲೆಂದು ಹಚ್ಚಿದ ಜಿಡ್ಡು ಅದರ ಮೈಮೇಲೆ ಉಳಿದಿರಬಹುದು. ಲೋಹ ಮತ್ತು ರೆಸಿನ್ ಬೊಂಬೆಗಳಲ್ಲಿ ಇದು ಹೆಚ್ಚು. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಹಳೆಯ ಟೂತ್‌ಬ್ರಷ್‌ನಿಂದ ತೊಳೆದು ಒಣಗಿಸಿ. ಅಚ್ಚಿನ ಎರಡು ಭಾಗ ಕೂಡುವ ಕಡೆ ಸಣ್ಣ ಗೆರೆ ಉಳಿದಿರುತ್ತದೆ. ಅದನ್ನು ಚಾಕುವಿನ ಹಿಂಬದಿಯಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಈಗ ಕಾಣದ ಗೆರೆ ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತದೆ.

ನಂತರ ಪ್ರೈಮರ್. ನುಣುಪಾದ ಪ್ಲಾಸ್ಟಿಕ್ ಅಥವಾ ಲೋಹದ ಮೇಲೆ ಅಕ್ರಿಲಿಕ್ ಬಣ್ಣ ಗಟ್ಟಿಯಾಗಿ ಕೂರುವುದಿಲ್ಲ. ಆಟದಲ್ಲಿ ಬೊಂಬೆಯನ್ನು ಪದೇ ಪದೇ ಕೈಯಲ್ಲಿ ಹಿಡಿಯುವುದರಿಂದ ಬಣ್ಣ ಬೇಗ ಸವೆಯುತ್ತದೆ. ಸ್ಪ್ರೇ ಪ್ರೈಮರ್ ಆದರೆ 20ರಿಂದ 25 ಸೆಂಟಿಮೀಟರ್ ದೂರದಿಂದ, ಒಂದೇ ಕಡೆ ನಿಲ್ಲಿಸದೆ, ತೆಳುವಾಗಿ ಹಾಯಿಸಿ.

ಬಣ್ಣದ ನಾಲ್ಕು ಹಂತ

* ಮೂಲ ಬಣ್ಣ: ಬಣ್ಣಕ್ಕೆ ಸ್ವಲ್ಪ ನೀರು ಬೆರೆಸಿ ಹಾಲಿನ ಹದಕ್ಕೆ ತನ್ನಿ. ಒಂದು ದಪ್ಪ ಲೇಪಕ್ಕಿಂತ ಎರಡು ತೆಳು ಲೇಪ ಮೇಲು. ದಪ್ಪ ಬಣ್ಣ ಮುಖದ ಕಣ್ಣು, ಮೂಗುಗಳನ್ನೇ ಮುಚ್ಚಿಬಿಡುತ್ತದೆ.

* ವಾಶ್: ಶಾಯಿಯಷ್ಟು ತೆಳುವಾದ ಕಡು ಬಣ್ಣ ಬಟ್ಟೆಯ ಮಡಿಕೆಗಳಿಗೆ ಇಳಿದು ನೆರಳಾಗುತ್ತದೆ. ಇಷ್ಟು ಚಿಕ್ಕ ವಸ್ತುವಿನ ಮೇಲೆ ಕೋಣೆಯ ಬೆಳಕು ಸಾಕಷ್ಟು ನೆರಳು ಮೂಡಿಸುವುದಿಲ್ಲ, ಹಾಗಾಗಿ ನೆರಳನ್ನೂ ನಾವೇ ಬಳಿಯಬೇಕು.

* ಹೈಲೈಟ್: ಉಬ್ಬಿದ ಭಾಗಗಳಿಗೆ ತಿಳಿ ಬಣ್ಣ. ಬಟ್ಟೆಗೆ ಒರೆಸಿ ಬಹುತೇಕ ಒಣಗಿಸಿದ ಬ್ರಷ್‌ನಿಂದ ಸವರುವುದಕ್ಕೆ ಡ್ರೈ ಬ್ರಷ್ ಎನ್ನುತ್ತಾರೆ.

* ಸಣ್ಣ ವಿವರ: ಪಟ್ಟೆ, ಗುಂಡಿ, ಕಣ್ಣು ಕೊನೆಗೆ. ತೀರಾ ಸಣ್ಣ ಬ್ರಷ್ ಬೇಕೆಂದಿಲ್ಲ. ಸಣ್ಣ ಬ್ರಷ್‌ನಲ್ಲಿ ಬಣ್ಣ ಬೊಂಬೆಗೆ ತಾಗುವ ಮೊದಲೇ ಒಣಗುತ್ತದೆ. ತುದಿ ಚೂಪಾಗಿರುವ 1ನೇ ನಂಬರಿನ ಬ್ರಷ್ ಸಾಕು.

ಇಡೀ ಸೈನ್ಯವನ್ನು ಸಿದ್ಧಪಡಿಸುವವರು ಐದು ಅಥವಾ ಹತ್ತು ಬೊಂಬೆಗಳನ್ನು ಒಟ್ಟಿಗೆ ಇಟ್ಟುಕೊಳ್ಳುತ್ತಾರೆ. ಎಲ್ಲರ ಅಂಗಿ ಮುಗಿಸಿ, ಆಮೇಲೆ ಎಲ್ಲರ ಪೇಟ. ಮೊದಲನೆಯದು ಒಣಗುವಷ್ಟರಲ್ಲಿ ಕೊನೆಯದು ಮುಗಿದಿರುತ್ತದೆ.

ಕೆಲಸ ಕೆಡುವುದು ಇಲ್ಲಿ

ಮುಗಿದ ಬೊಂಬೆಯ ಮೇಲೆ ವಾರ್ನಿಷ್ ಹಾಕದಿದ್ದರೆ ಟೋಪಿ, ಬಯೊನೆಟ್ ತುದಿಯ ಬಣ್ಣ ಮೊದಲು ಸವೆಯುತ್ತದೆ. ಆದರೆ ಮಳೆಗಾಲದಲ್ಲಿ ಮ್ಯಾಟ್ ವಾರ್ನಿಷ್ ಸ್ಪ್ರೇ ಮಾಡಿದರೆ ಇಡೀ ಬೊಂಬೆ ಹಿಟ್ಟು ಚೆಲ್ಲಿದಂತೆ ಬೆಳ್ಳಗಾಗಬಹುದು. ಸ್ಪ್ರೇಯಲ್ಲಿನ ದ್ರಾವಕ ಬೇಗ ಆವಿಯಾಗಿ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲಿ ಕೂತು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಡಬ್ಬಿಯನ್ನು ಸರಿಯಾಗಿ ಕುಲುಕದಿದ್ದರೂ ಹೀಗಾಗಬಹುದು.

ಪರಿಹಾರ ಸರಳ. ಮಳೆ ಬರುವ ದಿನ ಸ್ಪ್ರೇ ಬೇಡ. ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ. ಮೊದಲು ಬೇಡದ ಬೊಂಬೆಯೊಂದರ ಮೇಲೆ ಪರೀಕ್ಷಿಸಿ. ಕಾಯಲು ಸಾಧ್ಯವಿಲ್ಲವೆಂದರೆ ನೀರಿನಲ್ಲಿ ಕರಗುವ ವಾರ್ನಿಷ್ ಅನ್ನು ಬ್ರಷ್‌ನಿಂದ ಹಚ್ಚಿ. ಈಗಾಗಲೇ ಬೆಳ್ಳಗಾಗಿದ್ದರೆ ಎಸೆಯಬೇಡಿ. ಅದರ ಮೇಲೆ ಗ್ಲಾಸ್ ವಾರ್ನಿಷ್ ಹಚ್ಚಿದರೆ ಎಷ್ಟೋ ಸಲ ಬಣ್ಣ ಮತ್ತೆ ಕಾಣಿಸುತ್ತದೆ.

ಕೊನೆಗೆ ಪೀಠ. ಫೆವಿಕಾಲ್‌ನಂಥ ಬಿಳಿ ಅಂಟು ಹಚ್ಚಿ, ಜರಡಿ ಹಿಡಿದ ಮರಳು ಉದುರಿಸಿ, ಒಣಗಿದ ಮೇಲೆ ಬಣ್ಣ ಹಚ್ಚಿದರೆ ಸೈನಿಕ ನೆಲದ ಮೇಲೆ ನಿಂತಂತೆ ಕಾಣುತ್ತಾನೆ.

ಆರೋಗ್ಯದ ಬಗ್ಗೆ ಎಚ್ಚರ

ಹಳೆಯ ಲೋಹದ ಬೊಂಬೆಗಳಲ್ಲಿ ಸೀಸ ಇರುತ್ತದೆ. ಅವನ್ನು ಮುಟ್ಟಿದ ಮೇಲೆ ಕೈ ತೊಳೆಯಿರಿ, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ರೆಸಿನ್ ಉಜ್ಜುವಾಗ ನೀರು ಹಾಕಿ ಉಜ್ಜಿ, ಮಾಸ್ಕ್ ಧರಿಸಿ. ಸ್ಪ್ರೇಯನ್ನು ಬಾಲ್ಕನಿ ಅಥವಾ ತಾರಸಿಯಲ್ಲೇ ಮಾಡಿ. ಬ್ರಷ್‌ನ ತುದಿ ಚೂಪು ಮಾಡಲು ಬಾಯಿಗೆ ಇಟ್ಟುಕೊಳ್ಳುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಮೊದಲ ಸೈನಿಕನ ಹುಲಿಪಟ್ಟೆ ಸೊಟ್ಟಗಾದರೆ ಬೇಸರ ಬೇಡ. ಮೇಜಿನ ಮೇಲೆ ಅವನನ್ನು ನೋಡುವುದು ಮೂರಡಿ ದೂರದಿಂದ. ಅಲ್ಲಿಂದ ಕಾಣುವುದು ಒಬ್ಬ ಸೈನಿಕನಲ್ಲ, ಒಂದು ಸೈನ್ಯ.